ಶಿಲೀಂಧ್ರದ ಮೈಮೇಲಿನ ಸಕ್ಕರೆ ಮತ್ತು ಹತ್ತು ನಿಮಿಷದ ಪರೀಕ್ಷೆ

ಸಂಪಾದಕರಿಗೆ,

ಮಾನ್ಯರೇ,

ಶಿಲೀಂಧ್ರ ಸೋಂಕುಗಳ ಬಗ್ಗೆ ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಮಧುಮೇಹವನ್ನು ಹತೋಟಿಯಲ್ಲಿಟ್ಟುಕೊಳ್ಳಬೇಕು, ಸ್ಟೀರಾಯ್ಡ್ ಮಾತ್ರೆಗಳನ್ನು ವೈದ್ಯರು ಹೇಳದೆ ನುಂಗಬಾರದು ಎಂಬ ಎಚ್ಚರಿಕೆಗಳೆಲ್ಲ ಸರಿಯೇ. ಆದರೆ ಲೇಖನ ಓದಿ ಮುಗಿಸಿದವರಿಗೆ ಶಿಲೀಂಧ್ರಗಳೆಲ್ಲ ಒಂದೇ ತೆರನಾದವು, ಒಂದೇ ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ, ಒಂದೇ ಔಷಧಿಗೆ ಬಗ್ಗುತ್ತವೆ ಎಂಬ ಅಭಿಪ್ರಾಯ ಉಳಿದರೆ ಆಶ್ಚರ್ಯವಿಲ್ಲ. ವೈದ್ಯಕೀಯ ಕಾಲೇಜೊಂದರ ಸೂಕ್ಷ್ಮಜೀವಶಾಸ್ತ್ರ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾಗಿರುವ ನನಗೆ ಈ ಅಭಿಪ್ರಾಯ ಅಪಾಯಕಾರಿ ಎನಿಸುತ್ತದೆ. ಶಿಲೀಂಧ್ರವೊಂದು ನಮ್ಮ ದೇಹದಲ್ಲಿ ನೆಲೆಯೂರುತ್ತದೆಯೋ ಇಲ್ಲವೋ, ಪ್ರಯೋಗಾಲಯದವರ ಕಣ್ಣಿಗೆ ಬೀಳುತ್ತದೆಯೋ ಇಲ್ಲವೋ, ಕೊಟ್ಟ ಔಷಧಿ ಅದಕ್ಕೆ ತಗಲುತ್ತದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದರ ಮೈಮೇಲಿರುವ ಸಕ್ಕರೆಗಳು. ಈ ತಿಳಿವಳಿಕೆ ಪಠ್ಯಪುಸ್ತಕಗಳಲ್ಲಿ ಇರುವಷ್ಟು ಆಸ್ಪತ್ರೆಯ ಹೊರರೋಗಿ ವಿಭಾಗಗಳಲ್ಲಿ ಬಳಕೆಗೆ ಬಂದಿಲ್ಲ. ಬಂದರೆ ಉಳಿಸಬಹುದಾದ ಜೀವಗಳಿವೆ. ಅದರಲ್ಲೂ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ ತರುವ ಮಿದುಳು ಪೊರೆಯ ಉರಿಯೂತವನ್ನು ಹತ್ತು ನಿಮಿಷದಲ್ಲಿ ಪತ್ತೆಹಚ್ಚುವ ಪರೀಕ್ಷೆಯೊಂದರ ಬಗ್ಗೆ ಹೇಳಬೇಕಿದೆ. ಆ ಕಾರಣಕ್ಕೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮನುಷ್ಯನ ಜೀವಕೋಶಕ್ಕಿಲ್ಲದ ಗಟ್ಟಿಯಾದ ಹೊರಭಿತ್ತಿಯೊಂದು ಶಿಲೀಂಧ್ರದ ಕೋಶಕ್ಕಿದೆ. ಆ ಭಿತ್ತಿಯ ಹೆಚ್ಚಿನ ಭಾಗ ಸಕ್ಕರೆಯಿಂದಲೇ ಆದದ್ದು. ರೋಗಿಯ ರಕ್ತದಲ್ಲಿರುವ ಸಕ್ಕರೆಯ ಮಾತನ್ನು ಇಲ್ಲಿ ಆಡುತ್ತಿಲ್ಲ. ಗ್ಲೂಕೋಸ್, ಮ್ಯಾನೋಸ್, ಗ್ಯಾಲಕ್ಟೋಸ್‌ನಂತಹ ಸಣ್ಣ ಅಣುಗಳು ಸಾಲಾಗಿ ಕೊಂಡಿ ಹಾಕಿಕೊಂಡು ರೂಪುಗೊಳ್ಳುವ ಉದ್ದನೆಯ ಸರಪಳಿಗಳ, ಅಂದರೆ ಬಹುಶರ್ಕರಗಳ ಮಾತು ಇದು. ಸಾಮಾನ್ಯವಾಗಿ ಒಳಪದರದಲ್ಲಿ ಏಡಿ, ಸೀಗಡಿಗಳ ಚಿಪ್ಪಿನಲ್ಲಿಯೂ ಇರುವ ಕೈಟಿನ್, ಅದಕ್ಕೆ ಹೆಣೆದುಕೊಂಡಂತೆ ಬೀಟಾ-ಗ್ಲುಕಾನ್, ಅದರ ಮೇಲೆ ಜಾತಿಯಿಂದ ಜಾತಿಗೆ ಬದಲಾಗುವ ಹೊರಪದರ ಇರುತ್ತವೆ. ಕ್ಯಾಂಡಿಡಾದಲ್ಲಿ ಈ ಹೊರಪದರ ಮ್ಯಾನನ್ ಎಂಬ ಮ್ಯಾನೋಸ್ ಸರಪಳಿಗಳದ್ದು. ಆಸ್ಪರ್ಜಿಲಸ್‌ನಲ್ಲಿ ಗ್ಯಾಲಕ್ಟೋಮ್ಯಾನನ್ ಮತ್ತು ಅದರ ಸೋದರ ಸಕ್ಕರೆಗಳದ್ದು. ಕ್ರಿಪ್ಟೋಕಾಕಸ್‌ನಲ್ಲಿ ಭಿತ್ತಿಯ ಆಚೆಗೂ ಹಬ್ಬಿದ ದಪ್ಪನೆಯ ಲೋಳೆಯ ಕವಚದ್ದು.

ಕೈಟಿನ್ ಆಗಲಿ ಬೀಟಾ-ಗ್ಲುಕಾನ್ ಆಗಲಿ ಮನುಷ್ಯನ ದೇಹದಲ್ಲಿ ತಯಾರಾಗುವುದಿಲ್ಲವಾದ್ದರಿಂದ ಅವು ಕಂಡ ಕೂಡಲೇ ‘ಇದು ಹೊರಗಿನದು’ ಎಂದು ಗುರುತಿಸುವ ವ್ಯವಸ್ಥೆ ನಮ್ಮ ಬಿಳಿ ರಕ್ತಕಣಗಳಲ್ಲಿ ಬೆಳೆದುಬಂದಿದೆ. ಬೀಟಾ-ಗ್ಲುಕಾನ್ ಅನ್ನು ಹಿಡಿಯುವ ಡೆಕ್ಟಿನ್-1 ಎಂಬ ಗ್ರಾಹಕವನ್ನು, ಅಂದರೆ ಬಿಳಿ ರಕ್ತಕಣದ ಮೈಮೇಲಿರುವ ಪ್ರೋಟೀನನ್ನು, ಆಕ್ಸ್‌ಫರ್ಡ್‌ನ ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ 2001ರಲ್ಲಿ ಗುರುತಿಸಿದರು. ಈ ಗ್ರಾಹಕದ ಮಹತ್ವ ಪ್ರಯೋಗಾಲಯದ ಇಲಿಗಳಿಗೆ ಸೀಮಿತವಾದದ್ದಲ್ಲ. ನೆದರ್ಲೆಂಡ್ಸ್‌ನ ಒಂದು ಕುಟುಂಬದಲ್ಲಿ ಡೆಕ್ಟಿನ್-1ರ ವಂಶವಾಹಿಯಲ್ಲೇ ದೋಷವಿದ್ದು, ಆ ಮನೆಯ ಹೆಣ್ಣುಮಕ್ಕಳಿಗೆ ಕ್ಯಾಂಡಿಡಾ ಸೋಂಕು ಮರುಕಳಿಸುತ್ತಲೇ ಇತ್ತು ಎಂಬ ವರದಿ 2009ರಲ್ಲಿ ಪ್ರಕಟವಾಯಿತು. ಅಂದಮೇಲೆ ದೇಹದ ಕಾವಲನ್ನು ತಪ್ಪಿಸಬೇಕಾದ ಶಿಲೀಂಧ್ರಕ್ಕೆ ಮೊದಲು ಆಗಬೇಕಾದ ಕೆಲಸ ತನ್ನ ಬೀಟಾ-ಗ್ಲುಕಾನ್ ಅನ್ನು ಮರೆಮಾಡುವುದು. ಈ ಮರೆಮಾಚುವಿಕೆ ಎಷ್ಟು ಬಗೆಯಲ್ಲಿ ನಡೆಯುತ್ತದೆ ಎಂಬುದನ್ನು ನೋಡಿದರೆ ನನಗೆ ಈಗಲೂ ಬೆರಗಾಗುತ್ತದೆ.

ಕ್ಯಾಂಡಿಡಾ ಅಲ್ಬಿಕನ್ಸ್ ತನ್ನ ಮ್ಯಾನನ್ ಪದರದ ಕೆಳಗೆ ಬೀಟಾ-ಗ್ಲುಕಾನ್ ಅನ್ನು ಹುದುಗಿಸಿಟ್ಟುಕೊಂಡಿರುತ್ತದೆ. ಕ್ಯಾಸ್ಪೊಫಂಜಿನ್ ಎಂಬ ಔಷಧಿ ಬೀಟಾ-ಗ್ಲುಕಾನ್ ತಯಾರಿಸುವ ಕಿಣ್ವವನ್ನು ತಡೆಯುತ್ತದೆ; ಅದನ್ನು ಶಿಲೀಂಧ್ರ ಸಾಯದಷ್ಟು ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗಲೂ ಭಿತ್ತಿಯ ಕಟ್ಟು ಸಡಿಲಗೊಂಡು, ಒಳಗಿದ್ದ ಸಕ್ಕರೆ ಬಯಲಾಗಿ, ಬಿಳಿ ರಕ್ತಕಣಗಳು ಚುರುಕಾಗುತ್ತವೆ ಎಂದು 2006ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಔಷಧಿಯೊಂದು ಕೊಲ್ಲುವುದರ ಜೊತೆಗೆ ಮುಸುಕನ್ನೂ ತೆಗೆಯುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಆಸ್ಪರ್ಜಿಲಸ್ ಫ್ಯುಮಿಗೇಟಸ್‌ನ ಬೀಜಕಣಗಳು ಗಾಳಿಯಲ್ಲಿ ತೇಲುತ್ತಿರುತ್ತವೆ. ನಾವು ನೀವೆಲ್ಲ ದಿನವೂ ನೂರಾರು ಕಣಗಳನ್ನು ಉಸಿರಿನೊಂದಿಗೆ ಒಳಗೆಳೆದುಕೊಳ್ಳುತ್ತೇವೆ. ಹಾಗಿದ್ದೂ ಶ್ವಾಸಕೋಶ ಪ್ರತಿ ಬಾರಿ ಕೆರಳದಿರುವುದೇಕೆ ಎಂಬ ಪ್ರಶ್ನೆಗೆ ಪ್ಯಾರಿಸ್‌ನ ಪ್ಯಾಸ್ಚರ್ ಸಂಸ್ಥೆಯ ತಂಡ 2009ರಲ್ಲಿ ಉತ್ತರ ಕೊಟ್ಟಿತು. ಬೀಜಕಣದ ಮೇಲೆ ನೀರು ಅಂಟದ ಪ್ರೋಟೀನಿನ ತೆಳು ಹೊದಿಕೆಯಿದ್ದು, ಅದು ಕೆಳಗಿನ ಸಕ್ಕರೆಗಳನ್ನು ಮುಚ್ಚಿಟ್ಟಿರುತ್ತದೆ. ಕಣ ಉಬ್ಬಿ ಮೊಳೆಯುವಾಗ ಆ ಹೊದಿಕೆ ಹರಿದು, ಸಕ್ಕರೆ ಹೊರಗೆ ಕಂಡು, ಆಗ ದೇಹ ಎಚ್ಚೆತ್ತುಕೊಳ್ಳುತ್ತದೆ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಎಚ್ಚೆತ್ತುಕೊಳ್ಳಬೇಕಾದ ಬಿಳಿ ರಕ್ತಕಣಗಳೇ ಇಲ್ಲದಿದ್ದಾಗ ಮೊಳೆತದ್ದು ಬೇರುಬಿಡುತ್ತದೆ.

ಭತ್ತದ ಗದ್ದೆಯಲ್ಲೂ ಇದೇ ತಂತ್ರ ನಡೆಯುತ್ತದೆ ಎಂದರೆ ರೈತ ಓದುಗರಿಗೆ ಕುತೂಹಲವೆನಿಸಬಹುದು. ಹಿಸ್ಟೊಪ್ಲಾಸ್ಮಾ ಎಂಬ ಶಿಲೀಂಧ್ರ ಮನುಷ್ಯನ ಶ್ವಾಸಕೋಶದಲ್ಲಿ ತನ್ನ ಬೀಟಾ-ಗ್ಲುಕಾನ್ ಮೇಲೆ ಆಲ್ಫಾ-1,3-ಗ್ಲುಕಾನ್ ಎಂಬ ಇನ್ನೊಂದು ಸಕ್ಕರೆಯನ್ನು ಹೊದೆಯುತ್ತದೆ. ಅದೇ ಆಲ್ಫಾ-1,3-ಗ್ಲುಕಾನ್ ಅನ್ನು ಭತ್ತದ ಬೆಂಕಿ ರೋಗದ ಶಿಲೀಂಧ್ರ ಗರಿಯೊಳಗೆ ನುಗ್ಗುವಾಗ ಹೊದ್ದುಕೊಳ್ಳುತ್ತದೆ. ಭತ್ತದ ಗಿಡಕ್ಕೂ ಕೈಟಿನ್ ಚೂರುಗಳನ್ನು ಗುರುತಿಸುವ ಗ್ರಾಹಕಗಳಿವೆ, ಕೈಟಿನ್ ಕತ್ತರಿಸುವ ಕಿಣ್ವಗಳೂ ಇವೆ. ಮೇಲಿನ ಹೊದಿಕೆ ಇರುವವರೆಗೆ ಶಿಲೀಂಧ್ರದ ಕೈಟಿನ್ ಅವುಗಳ ಕೈಗೆಟುಕುವುದಿಲ್ಲ. ಜಪಾನಿನ ವಿಜ್ಞಾನಿಗಳು ಈ ಸಕ್ಕರೆಯನ್ನು ತಯಾರಿಸಲಾರದಂತೆ ಮಾಡಿದ ಶಿಲೀಂಧ್ರ ರೋಗ ತರಲು ಸೋತಿತು. ಅಷ್ಟಕ್ಕೇ ನಿಲ್ಲದೆ, ಬ್ಯಾಕ್ಟೀರಿಯಾದಿಂದ ತಂದ ಆಲ್ಫಾ-1,3-ಗ್ಲುಕಾನ್ ಕತ್ತರಿಸುವ ಕಿಣ್ವವನ್ನು ಭತ್ತದ ಗಿಡದಲ್ಲೇ ಉತ್ಪತ್ತಿಯಾಗುವಂತೆ ಮಾಡಿದಾಗ ಆ ಗಿಡ ಬೆಂಕಿ ರೋಗವನ್ನಷ್ಟೇ ಅಲ್ಲದೆ ಬೇರೆ ಎರಡು ಶಿಲೀಂಧ್ರ ರೋಗಗಳನ್ನೂ ತಡೆದುಕೊಂಡಿತು ಎಂದು 2012ರಲ್ಲಿ ವರದಿ ಮಾಡಿದರು. ಶ್ವಾಸಕೋಶಕ್ಕೂ ಭತ್ತದ ಗರಿಗೂ ಏನೇನೂ ಸಂಬಂಧವಿಲ್ಲ; ಆದರೂ ಎರಡನ್ನೂ ವಂಚಿಸಲು ಒಂದೇ ಸಕ್ಕರೆ ಸಾಕಾಗಿದೆ.

ಮಲೆನಾಡಿನ ಅಡಿಕೆ ಬೆಳೆಗಾರರನ್ನು ಕುರಿತು ಇಲ್ಲೇ ಒಂದು ಮಾತು ಸೇರಿಸುತ್ತೇನೆ. ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆರೋಗವನ್ನೂ ಈಚಿನ ವರ್ಷಗಳಲ್ಲಿ ತೋಟಗಳನ್ನು ಹಾಳುಗೆಡವುತ್ತಿರುವ ಎಲೆಚುಕ್ಕಿ ರೋಗವನ್ನೂ ಒಟ್ಟಿಗೆ ‘ಶಿಲೀಂಧ್ರ ರೋಗ’ ಎಂದು ಕರೆದು ಒಂದೇ ಡಬ್ಬಿಯ ಔಷಧಿ ಹೊಡೆಸುವವರಿದ್ದಾರೆ. ಎಲೆಚುಕ್ಕಿ ತರುವ ಕೊಲೆಟೋಟ್ರೈಕಮ್ ನಿಜವಾದ ಶಿಲೀಂಧ್ರ. ಅದರ ಭಿತ್ತಿಯಲ್ಲಿ ಕೈಟಿನ್ ಇದೆ. ಕೊಳೆರೋಗದ ಫೈಟೊಫ್ತೊರಾ ನೋಟಕ್ಕೆ ಶಿಲೀಂಧ್ರದಂತಿದ್ದರೂ ವಂಶದಲ್ಲಿ ಬೇರೆ. ಅದರ ಭಿತ್ತಿಯಲ್ಲಿ ಗ್ಲುಕಾನ್‌ಗಳ ಜೊತೆಗೆ ಗಿಡಗಳಲ್ಲಿರುವಂತೆ ಸೆಲ್ಯುಲೋಸ್ ಇದೆ. ಮ್ಯಾಂಡಿಪ್ರೊಪಮಿಡ್‌ನಂತಹ ಔಷಧಿ ಈ ಸೆಲ್ಯುಲೋಸ್ ಕಟ್ಟುವ ಕಿಣ್ವವನ್ನೇ ಗುರಿಯಾಗಿಸಿಕೊಂಡದ್ದು. ಎಲೆಚುಕ್ಕಿಯ ಮೇಲೆ ಅದನ್ನು ಹೊಡೆದರೆ ಹಣ ಹೋಗುತ್ತದೆಯೇ ಹೊರತು ರೋಗ ಹೋಗುವುದಿಲ್ಲ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ರೂಢಿಗೆ ತಂದಾಗ ಈ ತೊಡಕು ಇರಲಿಲ್ಲ, ಏಕೆಂದರೆ ಮೈಲುತುತ್ತದ ತಾಮ್ರ ಭಿತ್ತಿ ಯಾವುದೆಂದು ಕೇಳುವುದಿಲ್ಲ. ಔಷಧಿಗಳು ಹೆಚ್ಚು ಹೆಚ್ಚು ನಿರ್ದಿಷ್ಟವಾದಂತೆ ಎದುರಿಗಿರುವುದು ಯಾವುದು ಎಂದು ತಿಳಿದುಕೊಳ್ಳುವ ಹೊಣೆಯೂ ಹೆಚ್ಚುತ್ತದೆ.

ಆಸ್ಪತ್ರೆಯಲ್ಲಿ ಆ ಹೊಣೆ ಹಲವು ಪಟ್ಟು ದೊಡ್ಡದು. 2021ರ ಕೋವಿಡ್ ಎರಡನೇ ಅಲೆಯಲ್ಲಿ ದೇಶದಾದ್ಯಂತ 45 ಸಾವಿರಕ್ಕೂ ಹೆಚ್ಚು ಮಂದಿಗೆ ತಗಲಿದ, ಪತ್ರಿಕೆಗಳು ‘ಕಪ್ಪು ಶಿಲೀಂಧ್ರ’ ಎಂದು ಕರೆದ ಮ್ಯುಕರ್ ಸೋಂಕನ್ನು ಯಾರೂ ಮರೆತಿಲ್ಲ. ಅಂದು ಅನೇಕ ರೋಗಿಗಳ ಕಡತಗಳಲ್ಲಿ ಬೀಟಾ-ಗ್ಲುಕಾನ್ ಮತ್ತು ಗ್ಯಾಲಕ್ಟೋಮ್ಯಾನನ್ ಪರೀಕ್ಷೆಗಳ ವರದಿಗಳೂ ಇರುತ್ತಿದ್ದವು. ಮೊದಲನೆಯದು ಕುದುರೆಲಾಳದ ಏಡಿಯ ರಕ್ತ ಬೀಟಾ-ಗ್ಲುಕಾನ್ ಸೋಕಿದೊಡನೆ ಹೆಪ್ಪುಗಟ್ಟುವ ಗುಣವನ್ನು ಬಳಸಿಕೊಂಡ ಪರೀಕ್ಷೆ. ಎರಡನೆಯದು ಆಸ್ಪರ್ಜಿಲಸ್ ತನ್ನ ಸುತ್ತ ಚೆಲ್ಲುವ ಸಕ್ಕರೆಯನ್ನು ಹುಡುಕುವಂಥದ್ದು. ಮ್ಯುಕರ್ ಜಾತಿಯ ಶಿಲೀಂಧ್ರಗಳ ಭಿತ್ತಿಯಲ್ಲಿ ಹೆಚ್ಚಾಗಿರುವುದು ಕೈಟಿನ್, ಕೈಟೊಸಾನ್ ಮತ್ತು ಗ್ಲುಕುರೋನಿಕ್ ಆಮ್ಲದ ಸರಪಳಿಗಳು. ಬೀಟಾ-1,3-ಗ್ಲುಕಾನ್ ಅತ್ಯಲ್ಪ, ಗ್ಯಾಲಕ್ಟೋಮ್ಯಾನನ್ ಇಲ್ಲ. ಆದ್ದರಿಂದ ಕಣ್ಣಿನ ಗುಳಿಯವರೆಗೆ ಮ್ಯುಕರ್ ಹಬ್ಬಿದ್ದರೂ ಎರಡು ಪರೀಕ್ಷೆಗಳೂ ‘ನೆಗೆಟಿವ್’ ಎಂದೇ ಹೇಳಬಲ್ಲವು. ‘ಫಂಗಲ್ ಟೆಸ್ಟ್ ನೆಗೆಟಿವ್ ಬಂದಿದೆಯಂತೆ’ ಎಂದು ಮನೆಯವರು ನಿಟ್ಟುಸಿರು ಬಿಡುವಾಗ ಆ ವರದಿ ಏನನ್ನು ಕಾಣಬಲ್ಲದು, ಏನನ್ನು ಕಾಣಲಾರದು ಎಂದು ಅವರಿಗೆ ವಿವರಿಸುವವರು ವಿರಳ. ಇದೇ ಕಾರಣಕ್ಕೆ ಕ್ಯಾಸ್ಪೊಫಂಜಿನ್ ಗುಂಪಿನ ಔಷಧಿಗಳನ್ನು ಮ್ಯುಕರ್ ಚಿಕಿತ್ಸೆಗೆ ಒಂಟಿಯಾಗಿ ನಂಬಲಾಗದು. ಅವು ತಡೆಯಬೇಕಾದ ಸಕ್ಕರೆ ಅಲ್ಲಿ ಮುಖ್ಯವಾಗಿಯೇ ಇಲ್ಲ. ಆಂಫೊಟೆರಿಸಿನ್ ಎಂಬ ಔಷಧಿ ಭಿತ್ತಿಯನ್ನು ಬಿಟ್ಟು ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿನ ಮೇಲೆ ಕೆಲಸ ಮಾಡುವುದರಿಂದಲೇ ಅಂದು ಎಲ್ಲರೂ ಅದೊಂದೇ ಚುಚ್ಚುಮದ್ದಿನ ಬೆನ್ನುಹತ್ತಬೇಕಾಯಿತು.

ಪ್ರಯೋಗಾಲಯಗಳಿಗೆ ನನ್ನ ವಿನಂತಿ ಇಷ್ಟೇ: ಬೀಟಾ-ಗ್ಲುಕಾನ್ ವರದಿಯ ಕೆಳಗೆ ‘ಮ್ಯುಕರ್ ಮತ್ತು ಕ್ರಿಪ್ಟೋಕಾಕಸ್ ಸೋಂಕುಗಳನ್ನು ಈ ಪರೀಕ್ಷೆಯಿಂದ ತಳ್ಳಿಹಾಕಲಾಗದು’ ಎಂಬ ಒಂದು ಸಾಲನ್ನು ಕನ್ನಡದಲ್ಲೂ ಮುದ್ರಿಸಲಿ. ಡಯಾಲಿಸಿಸ್‌ನ ಕೆಲವು ಪೊರೆಗಳಿಂದಲೂ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಹತ್ತಿಯ ಬಟ್ಟೆಯಿಂದಲೂ ಗ್ಲುಕಾನ್ ರಕ್ತಕ್ಕೆ ಸೇರಿ ಸುಳ್ಳು ‘ಪಾಸಿಟಿವ್’ ಬರಬಹುದು ಎಂಬುದನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ಈಗ ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೈಮೇಲಿನ ಸಕ್ಕರೆಯೇ ರೋಗದ ಮೂಲ ಎಂದು ಬೆರಳಿಟ್ಟು ತೋರಿಸಬಹುದಾದ ಶಿಲೀಂಧ್ರ ಕ್ರಿಪ್ಟೋಕಾಕಸ್ ನಿಯೊಫಾರ್ಮನ್ಸ್. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಹೊರತಂದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿರುವ 19ರ ಪೈಕಿ ಅತ್ಯಂತ ಗಂಭೀರವೆಂದು ಗುರುತಿಸಲಾದ ನಾಲ್ಕರಲ್ಲಿ ಇದೂ ಒಂದು. ಪಾರಿವಾಳದ ಹಿಕ್ಕೆ ಬಿದ್ದ ಮಣ್ಣಿನಲ್ಲಿ, ಹಳೆಯ ಮರಗಳ ಪೊಟರೆಯ ಕೊಳೆತ ಸೌದೆಯಲ್ಲಿ ಇದು ಬದುಕುತ್ತದೆ; ದೆಹಲಿಯ ಸಂಶೋಧಕರು ನೇರಳೆ ಮರದ ಪೊಟರೆಗಳಿಂದಲೂ ಇದನ್ನು ಬೆಳೆಸಿ ತೋರಿಸಿದ್ದಾರೆ. ಧೂಳಿನೊಂದಿಗೆ ಶ್ವಾಸಕೋಶ ಸೇರುವ ಈ ಯೀಸ್ಟ್ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಅಲ್ಲಿಯೇ ಅಡಗುತ್ತದೆ. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಸಿದವರಲ್ಲಿ, ಅಂಗ ಕಸಿ ಮಾಡಿಸಿಕೊಂಡವರಲ್ಲಿ, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ರಕ್ತದ ಮೂಲಕ ಮಿದುಳಿಗೆ ಏರಿ ಮಿದುಳು ಪೊರೆಯ ಉರಿಯೂತ ತರುತ್ತದೆ. 2020ರ ಅಂದಾಜಿನಂತೆ ಎಚ್‌ಐವಿ ಇರುವವರಲ್ಲೇ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 1,52,000 ಮಂದಿಗೆ ಈ ಕಾಯಿಲೆ ಬಂದು 1,12,000 ಮಂದಿ ಸಾಯುತ್ತಾರೆ. ನಮ್ಮ ನಿಮ್ಹಾನ್ಸ್‌ನ ವೈದ್ಯರು ಮತ್ತು ಸೂಕ್ಷ್ಮಜೀವಶಾಸ್ತ್ರಜ್ಞರು 1990ರ ದಶಕದಲ್ಲೇ ದಕ್ಷಿಣ ಭಾರತದ ರೋಗಿಗಳ ವಿವರಗಳನ್ನು ಪ್ರಕಟಿಸಿದ್ದರು. ಕರ್ನಾಟಕಕ್ಕೆ ಇದು ಹೊಸ ಕಾಯಿಲೆಯಲ್ಲ.

ಪ್ರಯೋಗಾಲಯದಲ್ಲಿ ಇದನ್ನು ನೋಡುವ ಹಳೆಯ ವಿಧಾನ ಬಹಳ ಸರಳ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ, ರೋಗಿಯ ಬೆನ್ನಿನಿಂದ ತೆಗೆದ ನೀರನ್ನು ತಿರುಗಣಿ ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ನಿಂತದ್ದರ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಪಕ್ಕದಲ್ಲಿ ಇಂಡಿಯಾ ಇಂಕ್‌ನ ಒಂದು ಸಣ್ಣ ಹನಿ ಬೆರೆಸಿ, ಮೇಲೆ ತೆಳುಗಾಜು ಮುಚ್ಚಬೇಕು. ಶಾಯಿ ಹೆಚ್ಚಾದರೆ ಎಲ್ಲವೂ ಕತ್ತಲೆ. ಹನಿಯ ಹಿಂದೆ ಇಟ್ಟ ಅಚ್ಚಿನ ಅಕ್ಷರ ಮಸುಕಾಗಿ ಓದಲು ಬರುವಷ್ಟಿದ್ದರೆ ಹದ ಸರಿ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದೆ. ಸೂಕ್ಷ್ಮದರ್ಶಕದ ಕೆಳಗೆ ಶಾಯಿಯ ಕಣಗಳಿಂದ ಹಿನ್ನೆಲೆಯೆಲ್ಲ ಕಪ್ಪಾಗಿ, ಅದರ ನಡುವೆ ದುಂಡನೆಯ ಯೀಸ್ಟ್ ಕೋಶ, ಅದರ ಸುತ್ತ ಶಾಯಿ ಒಳನುಗ್ಗಲಾರದ ಸ್ಪಷ್ಟವಾದ ಬೆಳ್ಳನೆಯ ಉಂಗುರ ಕಾಣುತ್ತದೆ. ನೀರಿನಲ್ಲಿ ನೆನೆದ ಕಾಮಕಸ್ತೂರಿ ಬೀಜ ತನ್ನ ಸುತ್ತ ಲೋಳೆ ಕಟ್ಟಿಕೊಂಡಂತೆ ಇರುವ ಆ ಉಂಗುರವೇ ಸಕ್ಕರೆಯ ಕವಚ. ಅದರ ತೂಕದ ಬಹುಪಾಲು ನೀರು. ಉಳಿದದ್ದರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಭಾಗ ಗ್ಲುಕುರೋನೊಕ್ಸೈಲೊಮ್ಯಾನನ್ ಎಂಬ ಬಹುಶರ್ಕರ. ಅಂದರೆ ಮ್ಯಾನೋಸ್‌ನ ಉದ್ದನೆಯ ಎಳೆಗೆ ಕ್ಸೈಲೋಸ್ ಮತ್ತು ಗ್ಲುಕುರೋನಿಕ್ ಆಮ್ಲದ ಕವಲುಗಳು ಸೇರಿದ ರಚನೆ. ಪ್ರಯೋಗಾಲಯದ ಪೋಷಕ ಮಾಧ್ಯಮದಲ್ಲಿ ಬೆಳೆಸಿದಾಗ ತೆಳ್ಳಗಿರುವ ಈ ಕವಚ ದೇಹದೊಳಗೆ, ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ, ಕಬ್ಬಿಣ ಕಡಿಮೆಯಿರುವ ಜಾಗದಲ್ಲಿ ದಪ್ಪವಾಗುತ್ತ ಹೋಗಿ ಕೆಲವೊಮ್ಮೆ ಕೋಶದ ಅಗಲವನ್ನೂ ಮೀರುತ್ತದೆ.

ಈ ಕವಚವೇ ರೋಗಕ್ಕೆ ಕಾರಣ ಎಂಬುದಕ್ಕೆ ಖಚಿತವಾದ ಸಾಕ್ಷ್ಯ 1994ರಲ್ಲಿ ದೊರೆಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಿದ್ದ ಚಾಂಗ್ ಮತ್ತು ಜೂನ್ ಕ್ವಾನ್-ಚುಂಗ್ ಅವರು ಕವಚ ಕಟ್ಟಲು ಬೇಕಾದ ಒಂದು ವಂಶವಾಹಿಯನ್ನು ತೆಗೆದುಹಾಕಿದರು. ಕವಚವಿಲ್ಲದ ಯೀಸ್ಟ್ ಇಲಿಗಳಿಗೆ ರೋಗ ತರಲಿಲ್ಲ. ಅದೇ ವಂಶವಾಹಿಯನ್ನು ಮರಳಿ ಸೇರಿಸಿದಾಗ ಕವಚವೂ ಬಂತು, ಮಾರಕ ಗುಣವೂ ಮರಳಿತು. ರೋಗಕಾರಕ ಗುಣವೊಂದನ್ನು ಕಿತ್ತುಕೊಂಡು, ಮತ್ತೆ ಕೊಟ್ಟು ಹೀಗೆ ಪರೀಕ್ಷಿಸಿದ ಪ್ರಯೋಗಗಳು ಶಿಲೀಂಧ್ರಗಳ ವಿಷಯದಲ್ಲಿ ಆಗ ವಿರಳವಾಗಿದ್ದವು.

ಕವಚ ದೇಹದೊಳಗೆ ಮಾಡುವ ಕೆಲಸಗಳು ಹಲವು. ಮೊದಲನೆಯದಾಗಿ, ಅದು ಒಳಗಿನ ಬೀಟಾ-ಗ್ಲುಕಾನ್ ಅನ್ನು ಸಂಪೂರ್ಣವಾಗಿ ಮುಚ್ಚಿ, ಬಿಳಿ ರಕ್ತಕಣ ನುಂಗಲಾರದಂತೆ ಜಾರಿಕೊಳ್ಳುತ್ತದೆ. ನುಂಗಿದರೂ ಅದು ಸಾಯುವುದು ಖಚಿತವಿಲ್ಲ. ಭಕ್ಷಕ ಕೋಶದೊಳಗೇ ಬೆಳೆದು, ಆ ಕೋಶವನ್ನು ಒಡೆಯದೆ ಹೊರಬಂದುಬಿಡುವುದನ್ನು 2006ರಲ್ಲಿ ವಿಡಿಯೊ ಚಿತ್ರೀಕರಣದಲ್ಲೇ ಕಂಡಿದ್ದಾರೆ. ಇದಕ್ಕಿಂತ ಕಪಟವಾದ ಕೆಲಸವೆಂದರೆ, ಯೀಸ್ಟ್ ತನ್ನ ಕವಚದ ಸಕ್ಕರೆಯನ್ನು ಸದಾ ಉದುರಿಸುತ್ತಿರುತ್ತದೆ. ಹೀಗೆ ರಕ್ತದಲ್ಲೂ ಬೆನ್ನಿನ ನೀರಿನಲ್ಲೂ ಕರಗಿ ತೇಲುವ ಸಕ್ಕರೆ ಬಿಳಿ ರಕ್ತಕಣಗಳು ರಕ್ತನಾಳ ದಾಟಿ ಸೋಂಕಿನ ಜಾಗಕ್ಕೆ ಬರುವುದನ್ನೇ ತಡೆಯುತ್ತದೆ. ಬ್ಯಾಕ್ಟೀರಿಯಾದ ಮಿದುಳು ಜ್ವರದಲ್ಲಿ ಕೀವಿನಂತೆ ಕಲಕಿದ ನೀರು ಬರುತ್ತದೆ, ಕತ್ತು ಮರದಂತೆ ಸೆಟೆದಿರುತ್ತದೆ. ಇಲ್ಲಿ ನೀರು ತಿಳಿಯಾಗಿರಬಹುದು, ಅದರಲ್ಲಿ ಬಿಳಿಕಣಗಳ ಎಣಿಕೆ ಸಹಜವಾಗಿರಬಹುದು, ಕತ್ತು ಸೆಟೆಯದೆಯೂ ಇರಬಹುದು. ವಾರ, ಎರಡು ವಾರದಿಂದ ಬಿಡದ ತಲೆನೋವು, ಸಣ್ಣ ಜ್ವರ, ವಾಂತಿ, ಮಂಜಾದ ನೋಟ ಎಂದು ಬರುವ ರೋಗಿಗೆ ಮೈಗ್ರೇನ್ ಎಂದೋ ಟೈಫಾಯಿಡ್ ಎಂದೋ ಮಾತ್ರೆ ಕೊಟ್ಟು ಕಳುಹಿಸಿ, ಕೊನೆಗೆ ಪ್ರಜ್ಞೆ ತಪ್ಪಿದ ಮೇಲೆ ದೊಡ್ಡಾಸ್ಪತ್ರೆಗೆ ಸಾಗಿಸಿದ ಉದಾಹರಣೆಗಳನ್ನು ಪ್ರಯೋಗಾಲಯದ ಈಚೆ ಕಡೆಯಿಂದ ಕಂಡಿದ್ದೇನೆ. ಅದಕ್ಕೆ ಆ ವೈದ್ಯರನ್ನು ಪೂರ್ತಿ ದೂರುವುದೂ ನ್ಯಾಯವಲ್ಲ. ಉರಿಯೂತದ ಲಕ್ಷಣಗಳನ್ನೇ ಅಡಗಿಸುವ ಶತ್ರುವಿನ ಎದುರು ಬರಿಗಣ್ಣಿನ ತಪಾಸಣೆ ಸೋಲುವುದು ಸಹಜ.

ಮೂರನೆಯ ಕೆಲಸವೇ ಬಹುಮಂದಿಯ ಪ್ರಾಣ ತೆಗೆಯುವಂಥದ್ದು. ಮಿದುಳಿನ ಸುತ್ತಲಿನ ನೀರು ಪ್ರತಿದಿನ ಉತ್ಪತ್ತಿಯಾಗಿ ರಕ್ತಕ್ಕೆ ಮರಳಿ ಇಂಗುತ್ತಿರಬೇಕು. ಯೀಸ್ಟ್ ಕೋಶಗಳೂ ಅವುಗಳ ಲೋಳೆಯೂ ಆ ಇಂಗುದಾರಿಗಳನ್ನು ಕಟ್ಟಿದಾಗ ಒತ್ತಡ ಏರಿ, ಕಣ್ಣಿನ ನರ ನಲುಗಿ ದೃಷ್ಟಿ ಹೋಗುತ್ತದೆ, ಪ್ರಜ್ಞೆ ಹೋಗುತ್ತದೆ. ಅರ್ಧಕ್ಕೂ ಹೆಚ್ಚು ರೋಗಿಗಳಲ್ಲಿ ಒತ್ತಡ ನೀರಿನ ಮಟ್ಟದಲ್ಲಿ 25 ಸೆಂಟಿಮೀಟರಿಗೂ ಮೇಲಿರುತ್ತದೆ. ಆಗ ಬೆನ್ನಿನಿಂದ ಮತ್ತೆ ಮತ್ತೆ 20–30 ಮಿಲಿಲೀಟರಿನಷ್ಟು ನೀರು ತೆಗೆದು ಒತ್ತಡ ಇಳಿಸುವುದು ಔಷಧಿಯಷ್ಟೇ ಮುಖ್ಯವಾದ ಚಿಕಿತ್ಸೆ. ‘ಬೆನ್ನಿಗೆ ಸೂಜಿ ಹಾಕಿದರೆ ಸೊಂಟ ಬಿದ್ದುಹೋಗುತ್ತದೆ’ ಎಂದು ಹೆದರಿ ಮನೆಯವರು ಒಪ್ಪಿಗೆಯ ಹಾಳೆಗೆ ಸಹಿ ಹಾಕದಿರುವುದು ನಮ್ಮಲ್ಲಿ ಸಾಮಾನ್ಯ. ಈ ಭಯಕ್ಕೆ ಆಧಾರವಿಲ್ಲ ಎಂಬುದನ್ನು ತಮ್ಮ ಪತ್ರಿಕೆ ಬರೆದರೆ ದೊಡ್ಡ ಉಪಕಾರವಾದೀತು. ಊತ ಇಳಿಯಲೆಂದು ಸ್ಟೀರಾಯ್ಡ್ ಕೊಡುವ ಪದ್ಧತಿಯೂ ಇಲ್ಲಿ ಸಲ್ಲದು. ಏಷ್ಯಾ ಮತ್ತು ಆಫ್ರಿಕಾದ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪಡೆದವರಲ್ಲಿ ಅಂಗವೈಕಲ್ಯವೂ ತೊಡಕುಗಳೂ ಹೆಚ್ಚಾದವು.

ಇಷ್ಟೆಲ್ಲ ಹಾನಿ ಮಾಡುವ ಈ ಸಕ್ಕರೆಯೇ ಶಿಲೀಂಧ್ರದ ಗುಟ್ಟನ್ನೂ ಬಿಟ್ಟುಕೊಡುತ್ತದೆ. ಯೀಸ್ಟ್ ಉದುರಿಸಿದ ಸಕ್ಕರೆ ರಕ್ತದಲ್ಲಿ ತೇಲುತ್ತಿರುವುದರಿಂದ ಅದನ್ನು ಹಿಡಿಯುವ ಪ್ರತಿಕಾಯಗಳನ್ನು ಲೇಪಿಸಿದ ಕಾಗದದ ಪಟ್ಟಿಯೊಂದರಲ್ಲೇ ರೋಗ ಪತ್ತೆಯಾಗುತ್ತದೆ. ನಳಿಕೆಗೆ ದ್ರಾವಣದ ಒಂದು ಹನಿ, ಅದಕ್ಕೆ ರಕ್ತದ ಅಥವಾ ಬೆನ್ನಿನ ನೀರಿನ ಅಷ್ಟೇ ಸಣ್ಣ ಮಾದರಿ ಸೇರಿಸಿ, ಪಟ್ಟಿಯನ್ನು ಅದ್ದಿ, ಹತ್ತು ನಿಮಿಷ ಕಾದರೆ ಸಾಕು; ಗರ್ಭಧಾರಣೆ ಪರೀಕ್ಷೆಯಂತೆ ಎರಡು ಗೆರೆ ಮೂಡಿದರೆ ಪಾಸಿಟಿವ್. ಫ್ರಿಜ್ ಬೇಡ, ಯಂತ್ರ ಬೇಡ. ಶಿಲೀಂಧ್ರದ ಸಂಖ್ಯೆ ಕಡಿಮೆಯಿದ್ದಾಗ ಇಂಡಿಯಾ ಇಂಕ್ ವಿಧಾನ ಎಷ್ಟೋ ರೋಗಿಗಳನ್ನು ಬಿಟ್ಟುಬಿಡುತ್ತದೆ. ಈ ಪಟ್ಟಿ ಬಿಡುವುದು ಬಹಳ ಅಪರೂಪ. ಬಳಸುವವರಿಗೆ ಎರಡು ಸೂಕ್ಷ್ಮಗಳು ಗೊತ್ತಿರಬೇಕು. ಸಕ್ಕರೆ ವಿಪರೀತ ಹೆಚ್ಚಿದ್ದಾಗ ಗೆರೆ ಮಂಕಾಗಬಹುದು ಅಥವಾ ಮೂಡದೆಯೇ ಇರಬಹುದು, ಹಾಗಾಗಿ ರೋಗಲಕ್ಷಣ ಬಲವಾಗಿದ್ದರೆ ಮಾದರಿಯನ್ನು ತೆಳುಮಾಡಿ ಮತ್ತೊಮ್ಮೆ ನೋಡಬೇಕು. ಚಿಕಿತ್ಸೆ ಫಲಿಸಿದ ಮೇಲೂ ಸಕ್ಕರೆ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುವುದರಿಂದ ಗುಣವಾಯಿತೇ ಎಂದು ಅಳೆಯಲು ಈ ಪರೀಕ್ಷೆಯನ್ನು ಬಳಸಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ಉಗಾಂಡದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಂದೆ ಈ ಕಾಯಿಲೆ ಬಂದವರ ರಕ್ತದಲ್ಲಿ ತಲೆನೋವು ಶುರುವಾಗುವುದಕ್ಕೆ ಸುಮಾರು ಮೂರು ವಾರ ಮೊದಲೇ, ಕೆಲವರಲ್ಲಿ ನೂರು ದಿನಕ್ಕೂ ಮೊದಲೇ ಈ ಸಕ್ಕರೆ ಕಾಣಿಸಿಕೊಂಡಿತ್ತು. ಆ ಅವಧಿಯಲ್ಲಿ ಸಿಕ್ಕಿಬಿದ್ದವರಿಗೆ, ಮಿದುಳಿಗೆ ಏರಿಲ್ಲವೆಂದು ಬೆನ್ನಿನ ನೀರಿನಿಂದ ಖಚಿತಪಡಿಸಿಕೊಂಡು, ಫ್ಲುಕೊನಜೋಲ್ ಮಾತ್ರೆಗಳನ್ನು ಕೊಟ್ಟೇ ರೋಗವನ್ನು ತಡೆಯಬಹುದು. ಆದ್ದರಿಂದಲೇ ಎಚ್‌ಐವಿ ಇದ್ದು ಸಿಡಿ4 (ರೋಗನಿರೋಧಕ ಶಕ್ತಿಗೆ ಆಧಾರವಾದ ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ 100ಕ್ಕಿಂತ ಕಡಿಮೆಯಿರುವ ಪ್ರತಿ ವಯಸ್ಕರಿಗೂ ಈ ಪರೀಕ್ಷೆ ಮಾಡಬೇಕು, 200ರವರೆಗಿನವರಿಗೂ ಮಾಡುವುದನ್ನು ಪರಿಗಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಟಾಂಜಾನಿಯಾ ಮತ್ತು ಜಾಂಬಿಯಾದಲ್ಲಿ ಈ ಪರೀಕ್ಷೆಯ ಜೊತೆಗೆ ಮನೆಗೆ ಹೋಗಿ ರೋಗಿಯನ್ನು ವಿಚಾರಿಸಿಕೊಳ್ಳುವ ವ್ಯವಸ್ಥೆಯನ್ನೂ ಜೋಡಿಸಿದಾಗ ಸಾವು ಶೇಕಡ 28ರಷ್ಟು ಇಳಿಯಿತು ಎಂಬ ಫಲಿತಾಂಶ 2015ರಲ್ಲಿ ಬಂದಿತ್ತು. ಅಲ್ಲಿ ಮನೆಗೆ ಹೋಗುತ್ತಿದ್ದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಆಶಾ ಕಾರ್ಯಕರ್ತೆಯರ ಜಾಲವಿರುವ ನಮ್ಮ ರಾಜ್ಯಕ್ಕೆ ಇದು ಎಟುಕದ ಕೆಲಸವೇನಲ್ಲ. ರೋಗಿಯ ಗುಟ್ಟು ಕಾಪಾಡುವ ಎಚ್ಚರವೊಂದನ್ನು ಮಾತ್ರ ಇನ್ನಷ್ಟು ಬಿಗಿಯಾಗಿ ಪಾಲಿಸಬೇಕಾಗುತ್ತದೆ.

ಈ ಕವಚದ ಸಕ್ಕರೆಯನ್ನೇ ಲಸಿಕೆಯಾಗಿ ಬಳಸಬಹುದಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಕವಚದಿಂದ ತಯಾರಿಸಿದ ಲಸಿಕೆಯನ್ನು ನಮ್ಮ ಮಕ್ಕಳಿಗೆ ಹಾಕುತ್ತಿರುವುದರಿಂದ ಪ್ರಶ್ನೆ ಸಮಂಜಸವೇ. 1990ರ ದಶಕದಲ್ಲಿ ಕ್ರಿಪ್ಟೋಕಾಕಸ್ ಕವಚವನ್ನು ಧನುರ್ವಾಯು ಲಸಿಕೆಯಲ್ಲಿ ಬಳಸುವ ಟಾಕ್ಸಾಯ್ಡ್‌ಗೆ ಜೋಡಿಸಿದ ಲಸಿಕೆ ಇಲಿಗಳಲ್ಲಿ ರಕ್ಷಣೆಯನ್ನೂ ಕೊಟ್ಟಿತು. ಆದರೆ ಆ ಸಕ್ಕರೆಯ ವಿರುದ್ಧ ಹುಟ್ಟುವ ಪ್ರತಿಕಾಯಗಳಲ್ಲಿ ಕೆಲವು ಕಾಪಾಡುವಂಥವು, ಕೆಲವು ನಿಷ್ಪ್ರಯೋಜಕ. ಮೇಲಾಗಿ ಲಸಿಕೆ ಬೇಕಾಗಿರುವುದು ರೋಗನಿರೋಧಕ ಶಕ್ತಿಯೇ ಕುಂದಿದವರಿಗೆ. ಮನುಷ್ಯರ ಬಳಕೆಗೆ ಪರವಾನಗಿ ಪಡೆದ ಶಿಲೀಂಧ್ರ ಲಸಿಕೆ ಈವರೆಗೆ ಒಂದೂ ಇಲ್ಲ. ಲಸಿಕೆಗೆ ಕಾಯುತ್ತ ಕೂರುವ ಬದಲು ಕೈಯಲ್ಲಿರುವ ಪರೀಕ್ಷಾಪಟ್ಟಿಯನ್ನು ಬಳಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ರಾಜ್ಯದ ಆರೋಗ್ಯ ಇಲಾಖೆಯವರಲ್ಲಿ ನನ್ನ ಕೋರಿಕೆ ಸ್ಪಷ್ಟವಾದದ್ದು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಮತ್ತು ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಈ ಪಟ್ಟಿಗಳ ದಾಸ್ತಾನು ವರ್ಷದ ಎಲ್ಲ ತಿಂಗಳೂ ಇರಲಿ. ಸಿಡಿ4 ವರದಿ ಕಡಿಮೆ ಬಂದ ಅದೇ ರಕ್ತದ ಮಾದರಿಯಲ್ಲಿ, ರೋಗಿ ಇನ್ನೊಮ್ಮೆ ಬಸ್ಸು ಹತ್ತಿ ಬರಬೇಕಾಗದಂತೆ, ಈ ಪರೀಕ್ಷೆಯೂ ಅಂದೇ ನಡೆಯಲಿ. ರೋಗ ಮಿದುಳಿಗೆ ಏರಿರುವವರಿಗೆ ಲಿಪೊಸೋಮಲ್ ಆಂಫೊಟೆರಿಸಿನ್‌ನ ಒಂದೇ ದೊಡ್ಡ ಡೋಸ್ ಕೊಟ್ಟು, ಹದಿನಾಲ್ಕು ದಿನ ಫ್ಲುಸೈಟೊಸಿನ್ ಮತ್ತು ಫ್ಲುಕೊನಜೋಲ್ ಮಾತ್ರೆ ನುಂಗಿಸುವ ವಿಧಾನ ಹಳೆಯ ಚಿಕಿತ್ಸೆಗೆ ಸಮನಾಗಿದ್ದು ಅಡ್ಡಪರಿಣಾಮ ಕಡಿಮೆ ಎಂದು ಆಫ್ರಿಕಾದ ಐದು ದೇಶಗಳ ಪ್ರಯೋಗ ತೋರಿಸಿದ ಮೇಲೆ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿದೆ. ಎರಡು ವಾರ ಹಾಸಿಗೆಯಲ್ಲಿ ಮಲಗಿಸಿ ದಿನವೂ ಚುಚ್ಚುವ ಕಷ್ಟ ಇದರಿಂದ ತಪ್ಪುತ್ತದೆ. ಆದರೆ ಫ್ಲುಸೈಟೊಸಿನ್ ಇಲ್ಲದಿದ್ದರೆ ಈ ವಿಧಾನವೇ ನಡೆಯುವುದಿಲ್ಲ. 1957ರಿಂದ ಗೊತ್ತಿರುವ ಈ ಹಳೆಯ ಮಾತ್ರೆಯನ್ನು ರಾಜ್ಯದ ಔಷಧಿ ಖರೀದಿ ಪಟ್ಟಿಗೆ ಸೇರಿಸಿ, ಕನಿಷ್ಠ ಕಂದಾಯ ವಿಭಾಗಕ್ಕೊಂದು ಆಸ್ಪತ್ರೆಯಲ್ಲಾದರೂ ಸದಾ ಸಿಗುವಂತೆ ಮಾಡಲು ಇಲಾಖೆ ಎಷ್ಟು ಕಾಲ ತೆಗೆದುಕೊಳ್ಳುತ್ತದೆ ಎಂಬುದನ್ನು ತಮ್ಮ ಜಿಲ್ಲಾ ವರದಿಗಾರರು ವಿಚಾರಿಸಿ ಬರೆಯಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಸೂಕ್ಷ್ಮಜೀವಶಾಸ್ತ್ರ ಬೋಧಕ,
ಶಿವಮೊಗ್ಗ